ಕೋವಿಗೆ ಕಬ್ಬಿಣದ ಪೆಟ್ಟಿಗೆ, ಮದ್ದಿಗೆ ಮರದ ಪೆಟ್ಟಿಗೆ

ನಮ್ಮ ಕೊಡಗಿನಲ್ಲಿ ಮದ್ದು ಅಂದರೆ ಮೂರು ಬೇರೆ ಬೇರೆ ಸಾಮಾನು. ಕೊಡವರ ಕಕ್ಕಡ ತಿಂಗಳ 18ರಂದು ಪಾಯಸಕ್ಕೆ ಹಾಕುವ ಮದ್ದುಸೊಪ್ಪು ಒಂದು. ಕೇಪಿನ (ಪೆಟ್ಟು ಬಿದ್ದರೆ ಸಿಡಿದು ಮದ್ದು ಹೊತ್ತಿಸುವ ಪುಟ್ಟ ಟೋಪಿಯ) ಕೋವಿಗೆ ನಳಿಗೆಯ ಬಾಯಿಂದ ಸುರಿಯುವ ಕರಿಮದ್ದು ಇನ್ನೊಂದು. ತೋಟೆಯ (ಕಾರ್ಟ್ರಿಜ್) ಒಳಗಿರುವ ಹೊಗೆ ಬಾರದ ಮದ್ದು ಮೂರನೆಯದು. ಇದಕ್ಕೆ ಸ್ಮೋಕ್‌ಲೆಸ್ ಪೌಡರ್ ಅನ್ನುತ್ತಾರೆ. ಸೊಪ್ಪನ್ನು ಯಾರೂ ಉಳಿದೆರಡರ ಜೊತೆ ಗೊಂದಲ ಮಾಡಿಕೊಳ್ಳುವುದಿಲ್ಲ. ಆದರೆ ಕೋವಿಯ ಎರಡು ಮದ್ದುಗಳು ಒಂದೇ ಹೆಸರಿನಲ್ಲಿ ಒಂದೇ ಅಟ್ಟದಲ್ಲಿ ಕೂತಿರುವ ಮನೆಗಳು ಇವತ್ತಿಗೂ ಇವೆ. ಈ ಲೇಖನ ಬರೆದಿರುವುದು ಆ ಮನೆಗಳಿಗಾಗಿ.

ನಮ್ಮದೂ ಅಂಥದೇ ಮನೆ. 2018ರ ಆಗಸ್ಟ್ ಮಳೆಯಲ್ಲಿ ಮನೆ ಹಿಂದಿನ ಬರೆ (ಗುಡ್ಡದ ಇಳಿಜಾರು) ಕುಸಿಯತೊಡಗಿತು. ಒಂದು ಮಧ್ಯಾಹ್ನದಲ್ಲಿ ಮನೆ ಖಾಲಿ ಮಾಡಬೇಕಾಯಿತು. ತೀರಿಹೋದ ದೊಡ್ಡಪ್ಪನ ಕೋಣೆಯಲ್ಲಿ ಬೀಗ ಹಾಕಿದ ಕಬ್ಬಿಣದ ಟ್ರಂಕ್ ಇತ್ತು. ಬೀಗ ಒಡೆದು ನೋಡಿದರೆ ಕಂಬಳಿಯ ಕೆಳಗೆ ಎರಡು ಡಬ್ಬಿ, ಒಂದು ಹಾರ್ಲಿಕ್ಸ್ ಬಾಟಲಿ. ಬಾಟಲಿಯಲ್ಲಿ ಕಪ್ಪು ಹರಳು. ಅತ್ತಿಗೆ ಟೀಪುಡಿ ಅಂದುಕೊಂಡು ಅಡುಗೆ ಸಾಮಾನಿನ ಚೀಲಕ್ಕೆ ಹಾಕಿದ್ದರು. ಡಬ್ಬಿಗಳಲ್ಲಿ ಒಂದರ ಅಂಚು ಪೂರ್ತಿ ತುಕ್ಕು ಹಿಡಿದಿತ್ತು. ಮುಚ್ಚಳ ಸಡಿಲ ಮಾಡಿದ ಕೂಡಲೇ ಮೂಗಿಗೆ ಚುಚ್ಚುವ ಹುಳಿ ವಾಸನೆ ಬಂತು. ನಾನು ಮಾಡಿದ್ದೇನು? ಮುಚ್ಚಳ ಬಿಗಿಯಾಗಿ ಒತ್ತಿ, ಎಲ್ಲವನ್ನೂ ಅದೇ ಟ್ರಂಕಿಗೆ ತುಂಬಿ, ಜೀಪಿನಲ್ಲಿ ಮಕ್ಕಳ ಕಾಲಡಿ ಇಟ್ಟುಕೊಂಡು ಹೊರಟೆ.

ಸೈನ್ಯದಲ್ಲಿ ಮದ್ದುಗುಂಡು ಡಿಪೋದಲ್ಲಿದ್ದು ರಿಟೈರ್ ಆದ ಪಕ್ಕದೂರಿನ ಅಣ್ಣ ಒಬ್ಬರು ಆಮೇಲೆ ಇದನ್ನು ಕೇಳಿ ಸ್ವಲ್ಪ ಹೊತ್ತು ಸುಮ್ಮನೆ ಕೂತರು. ಅವತ್ತು ಅವರು ಕೂರಿಸಿಕೊಂಡು ಹೇಳಿಕೊಟ್ಟದ್ದು, ಆಮೇಲೆ ನಾನು ಓದಿ ತಿಳಿದುಕೊಂಡದ್ದು, ಎರಡನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಈ ಮದ್ದಿನ ಗುಣ

ಮೊದಲು ಇದು ಗೊತ್ತಿರಬೇಕು. ಉಳಿದದ್ದೆಲ್ಲ ಇದರಿಂದಲೇ ಹೊರಡುತ್ತದೆ.

ಹೊಗೆರಹಿತ ಮದ್ದಿನ ಮೂಲ ನೈಟ್ರೋಸೆಲ್ಯುಲೋಸ್, ಅಂದರೆ ಹತ್ತಿಯಂಥ ನಾರನ್ನು ಆಸಿಡ್‌ನಲ್ಲಿ ಪಳಗಿಸಿ ಮಾಡಿದ್ದು. ಕೆಲವು ಬಗೆಯಲ್ಲಿ ನೈಟ್ರೋಗ್ಲಿಸರಿನ್ ಕೂಡ ಇರುತ್ತದೆ. ಬಯಲಲ್ಲಿ ಒಂದು ಚಿಟಿಕೆಗೆ ಬೆಂಕಿ ತಾಗಿದರೆ ಬುಸ್ಸೆಂದು ಉರಿದು ಮುಗಿಯುತ್ತದೆ, ಸಿಡಿಯುವುದಿಲ್ಲ. ಅದನ್ನೇ ಬಿಗಿಯಾಗಿ ಮುಚ್ಚಿದ ಜಾಗದಲ್ಲಿ ಹೊತ್ತಿಸಿದರೆ ಕತೆ ಬೇರೆ. ಹುಟ್ಟಿದ ಗಾಳಿಗೆ ಹೊರಗೆ ಹೋಗಲು ದಾರಿ ಇಲ್ಲ. ಒತ್ತಡ ಏರುತ್ತದೆ. ಒತ್ತಡ ಏರಿದಷ್ಟೂ ಮದ್ದು ಇನ್ನೂ ಜೋರಾಗಿ ಉರಿಯುತ್ತದೆ. ತೋಟೆ ಕೆಲಸ ಮಾಡುವುದೇ ಹೀಗೆ. ಬೀಗ ಹಾಕಿದ ಕಬ್ಬಿಣದ ಟ್ರಂಕ್ ಕೂಡ ಹೀಗೆಯೇ ಕೆಲಸ ಮಾಡುತ್ತದೆ, ಆದರೆ ಅದರ ತುಂಡುಗಳು ಹಾರುವುದು ಮನೆಯವರ ಮೇಲೆ.

ಕಂಪನಿಯ ಡಬ್ಬಿ ಕೈಯಲ್ಲಿ ಹಿಡಿದು ನೋಡಿ. ತೆಳು ಪ್ಲಾಸ್ಟಿಕ್ಕು, ಇಲ್ಲವೇ ತೆಳು ತಗಡು. ಬೆರಳಲ್ಲಿ ಒತ್ತಿದರೆ ಒಳಗೆ ಹೋಗುತ್ತದೆ. ದುಡ್ಡು ಉಳಿಸಲು ಹಾಗೆ ಮಾಡಿದ್ದಲ್ಲ. ಬೆಂಕಿ ಬಿದ್ದರೆ ಒತ್ತಡ ಏರುವ ಮೊದಲೇ ಬಾಯಿ ಬಿಡಲಿ ಅಂತ ಬೇಕೆಂದೇ ಹಾಗೆ ಮಾಡಿರುತ್ತಾರೆ.

ಎರಡನೆಯ ಗುಣ, ಈ ಮದ್ದಿಗೆ ವಯಸ್ಸಾಗುತ್ತದೆ. ಡಬ್ಬಿ ಮುಟ್ಟದೆ ಇಟ್ಟರೂ ಒಳಗೊಳಗೇ ಬಹಳ ನಿಧಾನವಾಗಿ ಕೆಡುತ್ತಿರುತ್ತದೆ. ಕೆಡುವಾಗ ಹುಟ್ಟುವ ಆಸಿಡ್ ಗಾಳಿ ಕೆಡುವಿಕೆಯನ್ನು ಇನ್ನೂ ಬೇಗ ಮಾಡುತ್ತದೆ. ಈ ಗಾಳಿಯನ್ನು ಹೀರಿಕೊಳ್ಳಲು ತಯಾರಿಸುವಾಗಲೇ ಡೈಫಿನೈಲ್‌ಅಮೈನ್‌ನಂಥ ಒಂದು ಕಾವಲು ವಸ್ತು ಸೇರಿಸುತ್ತಾರೆ. ಅದು ಖರ್ಚಾಗುವವರೆಗೆ ಮದ್ದು ಚೆನ್ನಾಗಿರುತ್ತದೆ. ಮುಗಿದ ಮೇಲೆ ಮದ್ದು ತನ್ನಿಂದ ತಾನೇ ಬಿಸಿಯಾಗುತ್ತದೆ, ಹೊತ್ತಿಕೊಳ್ಳಲೂಬಹುದು. ಸೆಕೆ ಜಾಸ್ತಿ ಇದ್ದಷ್ಟೂ ಕಾವಲು ಬೇಗ ಮುಗಿಯುತ್ತದೆ.

ರೈಫಲ್ಲಿಗೆ ಸರಿಹೋಗುವ ಹಾಗೆ ಇದನ್ನು ಮೊದಲು ಮಾಡಿದವರು ಫ್ರಾನ್ಸಿನ ಪಾಲ್ ವಿಯೆಲ್, 1884ರಲ್ಲಿ. ಮದ್ದು ಹಳತಾದರೆ ಏನಾಗುತ್ತದೆ ಎಂಬುದನ್ನು ಜಗತ್ತು ಕಲಿತದ್ದೂ ಫ್ರಾನ್ಸಿನಲ್ಲೇ. 1907ರಲ್ಲಿ ಇಯೆನಾ, 1911ರಲ್ಲಿ ಲಿಬೆರ್ತೆ ಎಂಬ ಎರಡು ಯುದ್ಧನೌಕೆಗಳು ತೂಲೋನ್ ಬಂದರಿನಲ್ಲಿ ಸಿಡಿದುಹೋದವು. ಶತ್ರು ಯಾರೂ ಇರಲಿಲ್ಲ. ಕೆಟ್ಟ ಮದ್ದಿನ ಮೇಲೆಯೇ ಎರಡಕ್ಕೂ ದೋಷ ಬಂತು. ನೂರಾರು ಜನ ಸತ್ತರು. ನಮ್ಮ ಟ್ರಂಕಿನ ಡಬ್ಬಿಯಿಂದ ಬಂದ ಹುಳಿ ವಾಸನೆ ಅದೇ ಕಾಯಿಲೆಯ ವಾಸನೆ.

ಕಾಗದ ಪತ್ರ

ಕೊಡವರಿಗೆ ಮತ್ತು ಜಮ್ಮಾ (ವಂಶಪಾರಂಪರ್ಯವಾಗಿ ಬಂದ ಭೂಮಿ) ಹಿಡುವಳಿದಾರರಿಗೆ 1959ರ ಶಸ್ತ್ರಾಸ್ತ್ರ ಕಾಯ್ದೆಯ, ಆಯುಧ ಇಟ್ಟುಕೊಳ್ಳಲು ಲೈಸೆನ್ಸ್ ಬೇಕೆನ್ನುವ 3 ಮತ್ತು 4ನೇ ಸೆಕ್ಷನ್‌ಗಳಿಂದ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರ ಅಕ್ಟೋಬರ್ 31ರವರೆಗೆ ಮುಂದುವರಿಸಿತು. 2021ರಲ್ಲಿ ಹೈಕೋರ್ಟ್ ಕೂಡ ಎತ್ತಿಹಿಡಿಯಿತು. ಇದನ್ನು ಹಿಡಿದುಕೊಂಡು, ನಮಗೆ ಎಲ್ಲಕ್ಕೂ ವಿನಾಯಿತಿ ಇದೆ ಅಂತ ಮಾತಾಡುವವರನ್ನು ಮದುವೆ ಮನೆಗಳಲ್ಲಿ ನೋಡಿದ್ದೇನೆ. ಹಾಗಿಲ್ಲ. ತೋಟೆ ತಯಾರಿಸುವುದು 5ನೇ ಸೆಕ್ಷನ್‌ಗೆ ಬರುತ್ತದೆ, ಅದಕ್ಕೆ ಲೈಸೆನ್ಸ್ ಬೇಕು. ಬಿಡಿ ಮದ್ದಿಗೆ ಸ್ಫೋಟಕ ಕಾಯ್ದೆಯೂ ಅನ್ವಯಿಸುತ್ತದೆ. ಅದೂ 1884ರದ್ದೇ, ಈ ಮದ್ದು ಹುಟ್ಟಿದ ವರ್ಷದ್ದು. ಶೂಟಿಂಗ್ ಆಟಕ್ಕಾಗಿ ತೋಟೆ ತುಂಬುವ ಆಸೆ ಇದ್ದರೆ ಮೊದಲು ಮಡಿಕೇರಿಯ ಡಿಸಿ ಆಫೀಸಿನಲ್ಲಿ ಬರಹದಲ್ಲಿ ಕೇಳಿ, ಬರಹದಲ್ಲೇ ಉತ್ತರ ಪಡೆಯಿರಿ. ಕಾಗದ ಇಲ್ಲದ ಮದ್ದು ಮನೆಯಲ್ಲಿ ಇದ್ದರೆ ಅದನ್ನು ಚೆನ್ನಾಗಿ ಇಡುವುದು ಹೇಗೆ ಅಂತ ಯೋಚಿಸಬೇಡಿ. ಅದನ್ನು ಒಪ್ಪಿಸುವ ದಾರಿ ಕೆಳಗೆ ಬರೆದಿದ್ದೇನೆ.

ಮೊದಲ ಕೆಲಸ: ಮನೆಯಲ್ಲಿ ಏನಿದೆ ನೋಡಿ

ಒಂದು ಭಾನುವಾರ ಹಗಲು ಬೆಳಕಿನಲ್ಲಿ ಕೂರಿ. ಬೀಡಿ, ಸಿಗರೇಟು, ದೀಪ ಹತ್ತಿರ ಇರಬಾರದು. ಅಟ್ಟ, ಅಲ್ಮೆರಾ, ಗೋಡೌನು, ಹಳೇ ಕೋಟಿನ ಜೇಬು, ಎಲ್ಲ ನೋಡಿ. ಸಿಕ್ಕಿದ್ದನ್ನು ನಾಲ್ಕು ಗುಂಪು ಮಾಡಿ: ತುಂಬಿದ ತೋಟೆ, ಕೇಪು, ಕರಿಮದ್ದು, ಹೊಗೆರಹಿತ ಮದ್ದು. ಯಾವುದೆಂದು ಗೊತ್ತಾಗದ ಪುಡಿಯೆಲ್ಲ ಐದನೆಯ ಗುಂಪು. ಮೂಸಿ, ಉಜ್ಜಿ, ಸ್ವಲ್ಪ ಸುಟ್ಟು ನೋಡಿ ಕಂಡುಹಿಡಿಯುವ ಆಸೆ ಬೇಡ. ಹೆಸರಿನ ಚೀಟಿ ಇಲ್ಲದ ಪುಡಿ ಬಳಸುವ ಪುಡಿ ಅಲ್ಲ, ಒಪ್ಪಿಸುವ ಪುಡಿ.

ಇಷ್ಟು ಕಟ್ಟುನಿಟ್ಟು ಯಾಕೆ ಅಂದರೆ, ಕೇಪಿನ ಕೋವಿಗೆ ಕರಿಮದ್ದು ಅಂದುಕೊಂಡು ಹೊಗೆರಹಿತ ಮದ್ದು ಸುರಿದರೆ ನಳಿಗೆ ಒಡೆಯುತ್ತದೆ. ಕರಿಮದ್ದಿನ ಒತ್ತಡಕ್ಕೆ ಮಾಡಿದ ನಳಿಗೆ ಇದನ್ನು ತಡೆಯುವುದಿಲ್ಲ. ಕೋವಿ ಹಿಡಿದವನ ಎಡಗೈ, ಕಣ್ಣು, ಎರಡೂ ನಳಿಗೆಯ ಪಕ್ಕದಲ್ಲೇ ಇರುತ್ತವೆ ಅಲ್ವಾ. ಹೊಗೆರಹಿತದಲ್ಲೂ ಹತ್ತಾರು ಬಗೆ ಇದೆ. ಒಂದು ಚಪ್ಪಟೆ ಬಿಲ್ಲೆ, ಒಂದು ಸಣ್ಣ ಕಡ್ಡಿ ತುಂಡು, ಒಂದು ಗುಂಡು ಹರಳು. ನೋಡಲು ಒಂದೇ ಥರ ಇರುವ ಎರಡು ಬಗೆಗಳ ಉರಿಯುವ ವೇಗ ಬೇರೆ ಬೇರೆ ಇರಬಹುದು. ಅರ್ಧ ಅರ್ಧ ಉಳಿದ ಎರಡು ಡಬ್ಬಿಯನ್ನು ಒಂದಕ್ಕೆ ಸುರಿಯಬೇಡಿ, ಎಷ್ಟೇ ಸ್ವಲ್ಪ ಇರಲಿ.

ಎರಡನೆಯದು: ಬಂದ ಡಬ್ಬಿಯಲ್ಲೇ ಇರಲಿ

ಹಾರ್ಲಿಕ್ಸ್ ಬಾಟಲಿ, ಉಪ್ಪಿನಕಾಯಿ ಭರಣಿ, ಸ್ಟೀಲ್ ಡಬ್ಬ ಯಾವುದೂ ಬೇಡ. ಗಾಜು ಬೆಳಕನ್ನು ಒಳಗೆ ಬಿಡುತ್ತದೆ, ಒಡೆದರೆ ಚೂರಾಗಿ ಹಾರುತ್ತದೆ. ಸ್ಟೀಲ್ ಒತ್ತಡ ಹಿಡಿದಿಡುತ್ತದೆ. ಕಂಪನಿ ಡಬ್ಬಿಯ ಮೇಲೆ ಹೆಸರು, ಬಗೆ, ಲಾಟ್ ನಂಬರ್ ಇರುತ್ತದೆ. ಡಬ್ಬಿ ಮೊದಲು ತೆರೆದ ದಿನದ ತಾರೀಕನ್ನು ನೀವು ಪೆನ್ನಲ್ಲಿ ಬರೆಯಿರಿ. ಬಳಸುವಾಗ ಮೇಜಿನ ಮೇಲೆ ಒಂದೇ ಡಬ್ಬಿ ಇರಬೇಕು. ಕೆಲಸ ಮುಗಿದ ಕೂಡಲೇ ಉಳಿದದ್ದು ಅದೇ ಡಬ್ಬಿಗೆ, ಮುಚ್ಚಳ ಬಿಗಿಯಾಗಿ.

ನಮ್ಮ ಮಳೆಗಾಲಕ್ಕೆ ಹೆದರಿ ಕೆಲವರು ಡಬ್ಬಿಯ ಒಳಗೇ ಸಿಲಿಕಾ ಜೆಲ್ ಪೊಟ್ಟಣ ಹಾಕುತ್ತಾರೆ. ಅದು ತಪ್ಪು. ಈ ಮದ್ದಿನಲ್ಲಿ ಇರಬೇಕಾದಷ್ಟು ತೇವ ತಯಾರಿಸುವಾಗಲೇ ಇಟ್ಟಿರುತ್ತಾರೆ. ಅದನ್ನೂ ಹೀರಿಬಿಟ್ಟರೆ ಉರಿಯುವ ವೇಗ ಏರುತ್ತದೆ. ಪೊಟ್ಟಣ ಡಬ್ಬಿಯ ಹೊರಗೆ, ಮರದ ಪೆಟ್ಟಿಗೆಯ ಮೂಲೆಯಲ್ಲಿ ಇರಲಿ. ನೀಲಿ ಹರಳು ಗುಲಾಬಿ ಆದರೆ ಬದಲಾಯಿಸಿ.

ಮೂರನೆಯದು: ಪೆಟ್ಟಿಗೆ

ಕೋವಿಗೆ ಗಟ್ಟಿ ಕಬ್ಬಿಣದ ಪೆಟ್ಟಿಗೆ ಬೇಕು, ಕಳ್ಳರ ಕೈಗೆ ಸಿಗದ ಹಾಗೆ. ಮದ್ದಿಗೆ ಮಾತ್ರ ಅದು ಬೇಡ. ಎರಡಕ್ಕೂ ಬೀಗ ಬೇಕು, ಆದರೆ ಗೋಡೆ ಬೇರೆ ಬೇರೆ.

ಒಂದು ಇಂಚು ದಪ್ಪದ ಹಲಗೆಯಲ್ಲಿ ಆಚಾರಿಯಿಂದ ಪೆಟ್ಟಿಗೆ ಮಾಡಿಸಿ. ಮರ ಹೊರಗಿನ ಬೆಂಕಿಯ ಬಿಸಿಯನ್ನು ಒಳಗೆ ಬೇಗ ಬಿಡುವುದಿಲ್ಲ. ಒಳಗೇ ಹೊತ್ತಿಕೊಂಡರೆ ಒಂದು ಬದಿ ಬೇಗ ಬಿಟ್ಟುಕೊಂಡು ಒತ್ತಡವನ್ನು ಹೊರಗೆ ಹಾಕುತ್ತದೆ. ಹಾಗೆ ಬಿಟ್ಟುಕೊಳ್ಳಲಿ ಅಂತಲೇ ಹಿಂದಿನ ಹಲಗೆಯನ್ನು ಸಣ್ಣ ಮೊಳೆಯಲ್ಲಿ ಸಡಿಲವಾಗಿ ಕೂರಿಸಲು ಹೇಳಿ. ಕಬ್ಬಿಣದ ಪಟ್ಟಿ ಸುತ್ತ ಬಿಗಿಯುವುದು ಬೇಡ. ನಮ್ಮ ಆಚಾರಿ ಇದನ್ನು ಒಪ್ಪಲೇ ಇಲ್ಲ. ಸಡಿಲ ಪೆಟ್ಟಿಗೆ ಮಾಡಿಕೊಟ್ಟರೆ ತನ್ನ ಹೆಸರು ಕೆಡುತ್ತದೆ ಅಂದ. ಕಾರಣ ಬಿಡಿಸಿ ಹೇಳಿದ ಮೇಲೆ ಹಿಂದಿನ ಹಲಗೆಗೆ ನಾಲ್ಕೇ ಮೊಳೆ ಹೊಡೆದುಕೊಟ್ಟ.

ಅಮೆರಿಕದಲ್ಲಿ ಮನೆಯಲ್ಲೇ ತೋಟೆ ತುಂಬುವವರು ಬಹಳ. ಅಲ್ಲಿನ ಬೆಂಕಿ ಸುರಕ್ಷತೆಯ ಎನ್‌ಎಫ್‌ಪಿಎ 495 ನಿಯಮ, ಮನೆಯಲ್ಲಿ 20 ಪೌಂಡ್, ಅಂದರೆ ಸುಮಾರು 9 ಕಿಲೋವರೆಗೆ ಮೂಲ ಡಬ್ಬಿಯಲ್ಲಿ ಇಡಬಹುದು ಅನ್ನುತ್ತದೆ. ಅದಕ್ಕಿಂತ ಜಾಸ್ತಿ ಇದ್ದರೆ ಈ ಒಂದಿಂಚಿನ ಮರದ ಪೆಟ್ಟಿಗೆ ಕಡ್ಡಾಯ. ನಮಗೆ ಆ ಲೆಕ್ಕ ಅನ್ವಯಿಸುವುದಿಲ್ಲ, ನಿಮ್ಮ ಕಾಗದದಲ್ಲಿ ಬರೆದಷ್ಟೇ ನಿಮ್ಮ ಮಿತಿ. ಆದರೂ ಪೆಟ್ಟಿಗೆಯ ಲೆಕ್ಕ ಒಳ್ಳೆಯದು, ಕಡಿಮೆ ಮದ್ದಿಗೂ ನಾನು ಅದನ್ನೇ ಮಾಡಿಸುತ್ತೇನೆ. ಮಿತಿ ಇದೆ ಅಂತ ತುಂಬಿಸಿ ಇಡುವ ಅಗತ್ಯವೂ ಇಲ್ಲ. ಒಂದು ಸೀಸನ್‌ಗೆ ಆಗುವಷ್ಟು ಇದ್ದರೆ ಸಾಕು.

ಪೆಟ್ಟಿಗೆಯ ಮೇಲೆ ದೊಡ್ಡ ಅಕ್ಷರದಲ್ಲಿ ‘ಬೆಂಕಿ ಬೇಡ’ ಅಂತ ಕನ್ನಡದಲ್ಲಿ ಬರೆಸಿ. ತೋಟದ ಲೈನ್ ಮನೆಯಿಂದ ಕೆಲಸಕ್ಕೆ ಬರುವವರು ಬೇರೆ ಭಾಷೆಯವರಾದರೆ ಬೆಂಕಿಯ ಚಿತ್ರವನ್ನೂ ಬರೆಸಿ.

ನಾಲ್ಕನೆಯದು: ಜಾಗ

ಕೊಡಗಿನ ಮನೆಯಲ್ಲಿ ಜಾಗ ಹುಡುಕುವುದು ಸುಲಭ ಅಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆ ಬೆವರುತ್ತದೆ, ಚಪ್ಪಲಿಗೂ ಬೂಷ್ಟು ಬರುತ್ತದೆ. ಎಲ್ಲವನ್ನೂ ಬೆಚ್ಚಗೆ ಇಡುವುದು ನಮಗೆ ಹುಟ್ಟಿನಿಂದ ಬಂದ ಅಭ್ಯಾಸ. ಅಡುಗೆ ಒಲೆ ಮೇಲಿನ ಅಟ್ಟ, ಬಚ್ಚಲು ಹಂಡೆಯ ಪಕ್ಕದ ಗೂಡು, ಅಗ್ಗಿಷ್ಟಿಕೆಯ ಹತ್ತಿರದ ಶೆಲ್ಫ್, ಮೆಣಸು ಒಣಗಿಸುವ ಜಾಗ, ಇವೆಲ್ಲ ನಮ್ಮ ಕಣ್ಣಿಗೆ ಒಳ್ಳೆಯ ಜಾಗ. ಮದ್ದಿಗೆ ಇವೇ ಅತಿ ಕೆಟ್ಟ ಜಾಗ. ಚೆನ್ನಾಗಿ ಮುಚ್ಚಿದ ಡಬ್ಬಿಗೆ ತೇವ ಅಷ್ಟು ಬೇಗ ನುಗ್ಗುವುದಿಲ್ಲ. ಬಿಸಿ ಮಾತ್ರ ನೇರವಾಗಿ ಒಳಗೆ ಹೋಗುತ್ತದೆ. ಎರಡರಲ್ಲಿ ಒಂದನ್ನು ಆರಿಸಬೇಕಾದರೆ ತಂಪನ್ನೇ ಆರಿಸಿ.

ನಾನು ಇಟ್ಟಿರುವುದು ಉತ್ತರ ದಿಕ್ಕಿನ ಸಣ್ಣ ಕೋಣೆಯಲ್ಲಿ. ಬಿಸಿಲು ಬೀಳುವುದಿಲ್ಲ, ಪ್ಲಗ್ ಪಾಯಿಂಟ್ ಇಲ್ಲ, ಯಾರೂ ಮಲಗುವುದಿಲ್ಲ. ಪೆಟ್ಟಿಗೆ ಗೋಡೆಯಿಂದ ಒಂದು ಗೇಣು ಈಚೆಗೆ, ನೆಲದಿಂದ ಎರಡು ಇಟ್ಟಿಗೆ ಮೇಲೆ. ಹೊರಗೆ ಹೋಗುವ ಬಾಗಿಲಿಗೆ ಅಡ್ಡವಾಗಿ ಅಲ್ಲ.

ಗೋಡೌನ್ ಬೇಡ. ಅಲ್ಲಿ ಗೊಬ್ಬರ ಇದೆ, ಕಳೆ ಕತ್ತರಿಸುವ ಮೆಷಿನ್‌ನ ಪೆಟ್ರೋಲ್ ಇದೆ, ಸ್ಪ್ರೇ ಔಷಧಿ ಇದೆ. ಇನ್ವರ್ಟರ್ ಬ್ಯಾಟರಿಯ ಕೋಣೆಯೂ ಬೇಡ. ಬಿಸಿಲಲ್ಲಿ ನಿಲ್ಲಿಸಿದ ಜೀಪಿನಲ್ಲಿ ಒಂದು ದಿನವೂ ಬೇಡ.

ಕನ್ನಿಕೊಂಬರೆಯ, ಅಂದರೆ ಮನೆಯ ಪೂಜೆ ಕೋಣೆಯ, ವಿಷಯ ಹೇಳಲೇಬೇಕು. ಕೈಲ್‌ಪೊಳ್ದ್ ಅನ್ನುವ ಆಯುಧ ಪೂಜೆಯ ಹಬ್ಬದ ದಿನ ಕೋವಿಗೆ ತೋಕ್‌ಪೂ ಹೂ ಸಿಕ್ಕಿಸಿ ಅಲ್ಲಿಟ್ಟು ಪೂಜೆ ಮಾಡುವುದು ನಮ್ಮ ಹಿರಿಯರಿಂದ ಬಂದದ್ದು. ಅದರಲ್ಲಿ ಒಂದು ಚೂರೂ ಬದಲಾಗುವುದು ಬೇಡ. ಆದರೆ ಪೂಜೆ ಕೋವಿಗೆ. ದೀಪ ಉರಿಯುವ ಕೋಣೆಗೆ ತೋಟೆಯನ್ನೂ ಮದ್ದಿನ ಡಬ್ಬಿಯನ್ನೂ ತರುವುದು ಬೇಡ. ಖಾಲಿ ಕೋವಿ ಇಡಿ. ಖಾಲಿ ಅಂತ ಇಬ್ಬರು ನಳಿಗೆ ಬಗ್ಗಿಸಿ ತೆರೆದು ನೋಡಿರಲಿ.

ಐದನೆಯದು: ಪಕ್ಕದಲ್ಲಿ ಏನಿರಬಾರದು

ಕೇಪು ಅಥವಾ ಪ್ರೈಮರ್ ಮದ್ದಿನ ಪೆಟ್ಟಿಗೆಯಲ್ಲಿ ಖಂಡಿತ ಇರಬಾರದು. ಪೆಟ್ಟು ಬಿದ್ದರೆ ಸಿಡಿಯುವುದೇ ಅದರ ಕೆಲಸ. ಒಂದು ಸಿಡಿದರೆ ಪಕ್ಕದ್ದೂ ಸಿಡಿಯುತ್ತದೆ. ಕಂಪನಿ ಕೊಟ್ಟ ತಟ್ಟೆಯಲ್ಲೇ, ಬೇರೆ ಕೋಣೆಯಲ್ಲಿ ಇಡಿ. ಬಾಟಲಿಗೆ ಸುರಿದು ಗಲಗಲ ಆಡಿಸುವ ಹಾಗೆ ಇಡಬೇಡಿ.

ಕರಿಮದ್ದು ಇನ್ನೂ ದೂರ ಇರಲಿ. ಅದಕ್ಕೆ ಮುಚ್ಚಿದ ಜಾಗವೇ ಬೇಕಿಲ್ಲ, ಬಯಲಲ್ಲೂ ಸಿಡಿಯಬಲ್ಲದು. ಒಂದು ಸಣ್ಣ ಕಿಡಿ ಸಾಕು. ಹೊಗೆರಹಿತ ಮದ್ದಿಗೆ ನಾನಿಲ್ಲಿ ಬರೆದ ಸಡಿಲಿಕೆ ಯಾವುದೂ ಅದಕ್ಕೆ ಲಾಗು ಆಗುವುದಿಲ್ಲ.

ನೆಲಕ್ಕೆ ಚೆಲ್ಲಿದರೆ ವ್ಯಾಕ್ಯೂಮ್ ಕ್ಲೀನರ್ ತರಬೇಡಿ, ಒಳಗಿನ ಮೋಟಾರಿನ ಕಿಡಿ ಸಾಕಾಗುತ್ತದೆ. ಮೆತ್ತನೆ ಪೊರಕೆ, ರಟ್ಟಿನ ತುಂಡು, ಅಷ್ಟೇ. ಚೆಲ್ಲಿದ್ದನ್ನು ಡಬ್ಬಿಗೆ ವಾಪಸ್ ಹಾಕಬೇಡಿ.

ತುಂಬಿದ ತೋಟೆಗಳ ಮಾತು ಸ್ವಲ್ಪ. ಅವಕ್ಕೆ ಮಳೆಗಾಲದ ತೇವವೇ ಶತ್ರು. ಹಳೇ ಕಾಗದದ ತೋಟೆ ಉಬ್ಬುತ್ತದೆ, ಹಿತ್ತಾಳೆಯ ತಳಕ್ಕೆ ಹಸಿರು ಕಿಲುಬು ಹಿಡಿಯುತ್ತದೆ. ಉಬ್ಬಿದ ತೋಟೆಯನ್ನು ನಳಿಗೆಗೆ ಒತ್ತಿ ತುರುಕಬೇಡಿ. ಒದ್ದೆಯಾದದ್ದನ್ನು ಒಲೆ ಪಕ್ಕ ಒಣಗಿಸಬೇಡಿ. ನನ್ನ ಅಜ್ಜ ಹಾಗೆ ಒಣಗಿಸುತ್ತಿದ್ದದ್ದನ್ನು ನಾನೇ ಕಂಡಿದ್ದೇನೆ, ಅದಕ್ಕೇ ಬಿಡಿಸಿ ಬರೆಯುತ್ತಿದ್ದೇನೆ.

ಆರನೆಯದು: ಬೀಗದಕೈ

ಕೈಲ್‌ಪೊಳ್ದ್, ಪುತ್ತರಿ ಸುಗ್ಗಿ ಹಬ್ಬ, ಮಗು ಹುಟ್ಟಿದ ಸುದ್ದಿ, ಸಾವಿನ ಸುದ್ದಿ. ನಮ್ಮಲ್ಲಿ ಕೋವಿ ಹೊರಗೆ ಬರುವುದು ಮನೆ ತುಂಬಾ ಜನ ಇರುವಾಗಲೇ. ಮಕ್ಕಳು ಓಡಾಡುತ್ತಿರುತ್ತಾರೆ, ಹಿರಿಯರು ಗ್ಲಾಸ್ ಹಿಡಿದಿರುತ್ತಾರೆ. ಆ ದಿನಗಳಲ್ಲಿ ಬೀಗದಕೈ ಒಬ್ಬರ ಸೊಂಟದಲ್ಲಿ ಇರಬೇಕು, ಅವರು ಅವತ್ತು ಕುಡಿಯಬಾರದು. ಬೇಕಾದಷ್ಟು ತೋಟೆಯನ್ನು ಲೆಕ್ಕ ಮಾಡಿ ಅವರೇ ಕೊಡಲಿ, ಉಳಿದದ್ದನ್ನು ಲೆಕ್ಕ ಮಾಡಿ ವಾಪಸ್ ಪಡೆಯಲಿ. ಬಾಗಿಲ ಹಿಂದಿನ ಮೊಳೆಗೆ ಬೀಗದಕೈ ನೇತುಹಾಕಿದರೆ ಬೀಗ ಹಾಕಿದ್ದಕ್ಕೆ ಅರ್ಥವಿಲ್ಲ. ಎಲ್ಲಿದೆ ಅಂತ ಮನೆಯ ಆರು ವರ್ಷದ ಮಗುವಿಗೂ ಗೊತ್ತಿರುತ್ತದೆ.

ಕೆಟ್ಟ ಮದ್ದನ್ನು ಗುರುತಿಸುವುದು

ವರ್ಷಕ್ಕೆ ಎರಡು ಸಲ ನೋಡಿ: ಮಳೆ ಹಿಡಿಯುವ ಮೊದಲು ಮೇ ತಿಂಗಳಲ್ಲಿ ಒಮ್ಮೆ, ಕೈಲ್‌ಪೊಳ್ದ್‌ಗೆ ಕೋವಿ ಒರೆಸುವಾಗ ಒಮ್ಮೆ. ಚೆನ್ನಾಗಿರುವ ಮದ್ದಿಗೆ ಲಘುವಾಗಿ ಈಥರ್ ಅಥವಾ ಸ್ಪಿರಿಟ್‌ನಂಥ ವಾಸನೆ ಇರುತ್ತದೆ. ಡಬ್ಬಿಯನ್ನು ಮೂಗಿಗೆ ತರಬೇಡಿ. ಮುಚ್ಚಳ ತೆಗೆದು ದೂರದಿಂದ ಕೈಯಲ್ಲಿ ಗಾಳಿ ಬೀಸಿಕೊಂಡರೆ ಸಾಕು. ಹುಳಿ, ಚುಚ್ಚುವ ವಾಸನೆ ಇದ್ದರೆ ಕೆಟ್ಟಿದೆ. ಹರಳಿನ ಮೇಲೆ ತುಕ್ಕು ಬಣ್ಣದ ಧೂಳು, ಡಬ್ಬಿಯ ಒಳಬದಿ ಕೆಂಪಾಗುವುದು, ಹರಳು ಅಂಟಿಕೊಂಡು ಗಂಟಾಗುವುದು, ಮುಟ್ಟಿದರೆ ಬೆಚ್ಚಗಿರುವುದು, ಇವೂ ಅದೇ. ಮುಚ್ಚಳ ತೆಗೆದಾಗ ಕಂದುಗೆಂಪು ಹೊಗೆ ಕಂಡರೆ ಒಂದು ಗಂಟೆಯೂ ತಡ ಮಾಡಬೇಡಿ.

ಏನು ಮಾಡಬೇಕು? ಮುಚ್ಚಳವನ್ನು ಮತ್ತೆ ಬಿಗಿಯಬೇಡಿ. ನಾನು ಅವತ್ತು ಮಾಡಿದ ದೊಡ್ಡ ತಪ್ಪು ಅದೇ. ಡಬ್ಬಿಯನ್ನು ಅಲ್ಲಾಡಿಸದೆ ಅಂಗಳಕ್ಕೆ, ಮನೆ ಮತ್ತು ಸೌದೆ ಕೊಟ್ಟಿಗೆಯಿಂದ ದೂರ, ನೆರಳಿಗೆ ಒಯ್ಯಿರಿ. ಅದರೊಳಗೆ ಮದ್ದು ಪೂರ್ತಿ ಮುಳುಗುವಷ್ಟು ನೀರು ಹಾಕಿ. ನೀರಿನಲ್ಲಿ ಮುಳುಗಿದ ಮದ್ದು ಬಿಸಿ ಏರಿಸಿಕೊಳ್ಳಲಾರದು. ಡಬ್ಬಿ ಈಗಾಗಲೇ ಬಿಸಿಯಾಗಿದ್ದರೆ, ಹೊಗೆ ಬರುತ್ತಿದ್ದರೆ, ಮುಟ್ಟಲೇಬೇಡಿ. ಮನೆಯವರನ್ನು ಹೊರಗೆ ಕರೆದುಕೊಂಡು ಹೋಗಿ 112ಕ್ಕೆ ಫೋನ್ ಮಾಡಿ.

ಆಮೇಲೆ ಠಾಣೆಗೆ ಫೋನ್ ಮಾಡಿ. ಡಬ್ಬಿಯನ್ನು ಹೊತ್ತುಕೊಂಡು ಹೋಗಬೇಡಿ. ಹೀಗೆ ಹಳೇ ಮದ್ದು ಸಿಕ್ಕಿದೆ, ಬಂದು ನೋಡಿ ಅಂತ ಹೇಳಿ. ತೀರಿಹೋದವರ ಟ್ರಂಕಿನಲ್ಲಿ ಸಿಕ್ಕಿದ್ದಕ್ಕೆ ಕೇಸ್ ಆಗುತ್ತದೇನೋ ಅಂತ ಹೆದರಿ ಹೊಳೆಗೆ ಎಸೆಯುವವರಿದ್ದಾರೆ. ಕಾವೇರಿಗೆ ಎಸೆಯುವುದು, ಕಾಫಿ ಪಲ್ಪಿನ ಗುಂಡಿಗೆ ಸುರಿಯುವುದು, ತರಗೆಲೆ ಜೊತೆ ಸುಡುವುದು, ಯಾವುದೂ ಬೇಡ. ನಾನಾಗಿ ತಿಳಿಸಿದೆ. ಬಂದರು, ಬರೆದುಕೊಂಡರು, ತೆಗೆದುಕೊಂಡು ಹೋದರು. ಹಾರ್ಲಿಕ್ಸ್ ಬಾಟಲಿಯನ್ನೂ ಕೊಟ್ಟೆ.

ಬೆಂಕಿ ಬಿದ್ದರೆ

ಮದ್ದಿನ ಪೆಟ್ಟಿಗೆಗೇ ಬೆಂಕಿ ಹತ್ತಿದರೆ ನಂದಿಸಲು ಹೋಗಬೇಡಿ. ಗೋಣಿ ಹೊದಿಸಿದರೂ ಮರಳು ಸುರಿದರೂ ಅದು ಆರುವುದಿಲ್ಲ. ಉರಿಯಲು ಬೇಕಾದ ಆಮ್ಲಜನಕ ಮದ್ದಿನೊಳಗೇ ಇದೆ. ಎಲ್ಲರೂ ಹೊರಗೆ ಬನ್ನಿ, 101 ಅಥವಾ 112ಕ್ಕೆ ಫೋನ್ ಮಾಡಿ. ಅಗ್ನಿಶಾಮಕದವರು ಬಂದ ಕೂಡಲೇ ಯಾವ ಕೋಣೆಯ ಯಾವ ಮೂಲೆಯಲ್ಲಿ ಎಷ್ಟು ಮದ್ದಿದೆ, ಎಷ್ಟು ತೋಟೆ ಇದೆ ಅಂತ ಮೊದಲೇ ಹೇಳಿ. ಮುಚ್ಚಿಟ್ಟರೆ ಒಳಗೆ ಹೋಗುವುದು ಇನ್ನೊಬ್ಬರ ಮಗ.

ಬಿಡಿ ತೋಟೆ ಬೆಂಕಿಯಲ್ಲಿ ಪಟಪಟ ಒಡೆಯುತ್ತದೆ. ಸುತ್ತ ನಳಿಗೆ ಇಲ್ಲದ ಕಾರಣ ಕೋವಿಯಿಂದ ಹೊಡೆದ ಹಾಗೆ ಗುಂಡು ಹೋಗುವುದಿಲ್ಲ. ಆದರೆ ತುಂಬಿಸಿಟ್ಟ ಕೋವಿ ಬಿಸಿಗೆ ತಾನೇ ಹಾರುತ್ತದೆ, ಅದೂ ಪೂರ್ತಿ ಜೋರಿನಲ್ಲಿ. ಹಂದಿ ಬರುತ್ತದೆ, ಆನೆ ಬರುತ್ತದೆ ಅಂತ ಬಾಗಿಲ ಪಕ್ಕ ತುಂಬಿಸಿದ ಕೋವಿ ಒರಗಿಸಿಡುವವರು ಇವತ್ತೇ ತೋಟೆ ತೆಗೆದಿಡಿ.

ನಮ್ಮ ಪೆಟ್ಟಿಗೆಯ ಮುಚ್ಚಳದ ಒಳಬದಿಗೆ ಒಂದು ಚೀಟಿ ಅಂಟಿಸಿದ್ದೇನೆ. ಏನೇನು ಇದೆ, ಎಷ್ಟಿದೆ, ಯಾವತ್ತು ನೋಡಿದ್ದು, ಕಾಗದ ಯಾವ ಫೈಲಿನಲ್ಲಿದೆ, ನಾನು ಇಲ್ಲದಿದ್ದರೆ ಯಾರಿಗೆ ಹೇಳಬೇಕು. ಅದರ ಒಂದು ನಕಲು ಹೆಂಡತಿಯ ಹತ್ತಿರ ಇದೆ, ಒಂದು ಮಗಳ ಹತ್ತಿರ. ದೊಡ್ಡಪ್ಪನ ಟ್ರಂಕಿನಲ್ಲಿ ಇಲ್ಲದೇ ಇದ್ದದ್ದು ಆ ಚೀಟಿ.